ಹಳೆಯ ಡಿಸ್ಕ್ ತೆಗೆದ ಕೂಡಲೇ ಏಳದೆ ಹೋದ ಎಸ್‌ಎಸ್‌ಡಿ: ಒಂದು ಮನೆ ಕಂಪ್ಯೂಟರಿನ ಪ್ರಕರಣ ಅಧ್ಯಯನ

ಕಂಪ್ಯೂಟರ್ ನನ್ನ ಮೇಜಿಗೆ ಬರುವ ಹೊತ್ತಿಗೆ ಮನೆಯವರ ತೀರ್ಪು ಹೊರಬಿದ್ದಾಗಿತ್ತು: ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ಹಾರ್ಡ್ ಡಿಸ್ಕಿಗಿಂತ ವೇಗದ ಸಂಗ್ರಹ ಡ್ರೈವ್) ಸತ್ತಿದೆ, ವಾರಂಟಿಗೆ ಕಳಿಸಬೇಕು. ಯಂತ್ರ ಮನೆಯಲ್ಲೇ ಕೂತು ಲೆಕ್ಕಪತ್ರದ ಕೆಲಸ ಮಾಡುವ ಒಬ್ಬ ಮಹಿಳೆಯದು. ಎಂಟನೇ ತಲೆಮಾರಿನ ಇಂಟೆಲ್ ಪ್ರೊಸೆಸರ್, 8 ಜಿಬಿ ರ್‍ಯಾಮ್, ನಿಮಿಷಕ್ಕೆ 7200 ಸುತ್ತು ತಿರುಗುವ 1 ಟಿಬಿ ಹಾರ್ಡ್ ಡಿಸ್ಕ್ ಇರುವ ಡೆಸ್ಕ್‌ಟಾಪ್. ತೀರಾ ನಿಧಾನವಾಯಿತೆಂದು ಕೆಲವು ತಿಂಗಳ ಹಿಂದೆ ಅವರ ತಂಗಿಯ ಮಗ, ಎಂಜಿನಿಯರಿಂಗ್ ಓದುವ ಹುಡುಗ, 500 ಜಿಬಿಯ ಎಂ.2 ಎಸ್‌ಎಸ್‌ಡಿ ತಂದು ಕೂರಿಸಿ, ಅದಕ್ಕೆ ಹೊಸದಾಗಿ ವಿಂಡೋಸ್ 11 ಹಾಕಿಕೊಟ್ಟಿದ್ದ. ಹಳೆಯ ಹಾರ್ಡ್ ಡಿಸ್ಕನ್ನು ಖಾಲಿ ಮಾಡಿ, ಫೋಟೊಗಳು ಮತ್ತು ಹಿಂದಿನ ವರ್ಷಗಳ ಲೆಕ್ಕ ಇಡಲು ಡಿ ಡ್ರೈವ್ ಆಗಿ ಉಳಿಸಿದ್ದ.

ಅಲ್ಲಿಂದ ಮೂರು ದೂರುಗಳು ಒಂದರ ಹಿಂದೆ ಒಂದು ಬಂದವು. ಎಸ್‌ಎಸ್‌ಡಿ ಹಾಕಿದ ದಿನದಿಂದ ಡಿವಿಡಿ ಡ್ರೈವ್ ಕಾಣುತ್ತಿಲ್ಲ. ಒಟ್ಟಾರೆ ಯಂತ್ರ ಚುರುಕಾಗಿದೆ, ಆದರೆ ಆಗಾಗ ಮೌಸ್ ಬಿಟ್ಟು ಉಳಿದದ್ದೆಲ್ಲ ಕೆಲವು ಸೆಕೆಂಡು ಸ್ತಬ್ಧ. ಈಚೆಗೆ ಸಿಪಿಯು ಡಬ್ಬದೊಳಗಿಂದ ಕಟಕಟ ಸದ್ದು. ಸದ್ದು ಹಳೆಯ ಡಿಸ್ಕಿನದ್ದೇ ಎಂದು ಹುಡುಗ ಸರಿಯಾಗಿಯೇ ಗುರುತಿಸಿದ. "ದೊಡ್ಡಮ್ಮ, ಅದನ್ನ ತೆಗೆದುಬಿಡೋಣ, ವಿಂಡೋಸ್ ಹೇಗೂ ಎಸ್‌ಎಸ್‌ಡಿಯಲ್ಲಿದೆ" ಎಂದು ಕೇಬಲ್ ಕಿತ್ತ. ಆನ್ ಮಾಡಿದರೆ ಕಪ್ಪು ಪರದೆ. ಬೂಟ್ ಮಾಡಬಲ್ಲ, ಎಂದರೆ ಯಂತ್ರವನ್ನು ಎಬ್ಬಿಸಬಲ್ಲ, ಸಾಧನ ಸಿಗಲಿಲ್ಲ ಎಂಬ ಒಂದು ಸಾಲು. ಎಸ್‌ಎಸ್‌ಡಿಯನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದ. ಅದೇ ಸಾಲು. ಹಾಗಾಗಿ ವಾರಂಟಿ ಮಾತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಆಗುವುದರಲ್ಲಿತ್ತು. ವಾರಂಟಿಗೆ ಕಳಿಸಿದ್ದರೆ ಬದಲಿ ಡ್ರೈವ್ ಖಾಲಿಯಾಗಿ ಬರುತ್ತಿತ್ತು. ಕಾಯಿಲೆ ಬಿದ್ದ ಡಿಸ್ಕ್ ಮಾತ್ರ ಮನೆಯಲ್ಲೇ ಉಳಿದು, ಅದರ ಜೊತೆ ಫೋಟೊಗಳೂ ಹೋಗುತ್ತಿದ್ದವು.

ಮೊದಲ ತಪಾಸಣೆ

ಹಳೆಯ ಡಿಸ್ಕ್ ಇಲ್ಲದೆಯೇ ಆನ್ ಮಾಡಿ ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಓಡುವ, ಯಂತ್ರದೊಳಗಿನ ತಂತ್ರಾಂಶದ ಪುಟಗಳಿಗೆ) ಹೋದೆ. ಎಸ್‌ಎಸ್‌ಡಿ ತನ್ನ ಮಾದರಿಯ ಹೆಸರು, ಪೂರ್ತಿ ಗಾತ್ರದ ಸಮೇತ ಪಟ್ಟಿಯಲ್ಲಿತ್ತು. ಸತ್ತ ಎಸ್‌ಎಸ್‌ಡಿ ಸಾಮಾನ್ಯವಾಗಿ ಪಟ್ಟಿಗೇ ಬರುವುದಿಲ್ಲ, ಇಲ್ಲವೇ ಹೆಸರು, ಗಾತ್ರ ಅಸಂಬದ್ಧವಾಗಿ ತೋರುತ್ತದೆ. ಇಲ್ಲಿ ಡ್ರೈವ್ ಆರೋಗ್ಯವಾಗಿದೆ ಎಂಬ ಅನುಮಾನ ಆಗಲೇ ಬಂತು. ಪಕ್ಕದ ಪುಟದಲ್ಲಿ ಬೂಟ್ ಕ್ರಮ ನೋಡಿದರೆ, ವಿಂಡೋಸ್ ಬೂಟ್ ಮ್ಯಾನೇಜರ್ ಎಂಬ ಸಾಲು ಅಲ್ಲಿರಲಿಲ್ಲ. ಡ್ರೈವ್ ಇದೆ, ಅದರಿಂದ ಏಳಲು ಬೇಕಾದ್ದು ಮಾತ್ರ ಇಲ್ಲ.

ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿದೆ. ಯಂತ್ರ ಏನೂ ಆಗಿಲ್ಲವೆಂಬಂತೆ ವಿಂಡೋಸ್‌ಗೆ ಹೋಯಿತು. ಡಿಸ್ಕ್‌ಗಳ ಪಾಲುಗಳನ್ನು ತೋರಿಸುವ, ವಿಂಡೋಸ್‌ನದೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ಚಿತ್ರ ಪೂರ್ತಿಯಾಯಿತು. ಡಿಸ್ಕ್ 0 ಎಂದರೆ ಹಳೆಯ ಹಾರ್ಡ್ ಡಿಸ್ಕ್. ಅದರ ಆರಂಭದಲ್ಲಿ 100 ಎಂಬಿಯ ಇಎಫ್‌ಐ ಸಿಸ್ಟಮ್ ಪಾರ್ಟಿಷನ್ (ಬೂಟ್ ಫೈಲ್‌ಗಳಿರುವ ಪಾಲು), ನಂತರ ಡಿ ಡ್ರೈವ್. ಡಿಸ್ಕ್ 1 ಎಂದರೆ ಎಸ್‌ಎಸ್‌ಡಿ; ಅದರಲ್ಲಿ ಸಿ ಡ್ರೈವ್ ಇದೆ, ಇಎಫ್‌ಐ ಪಾರ್ಟಿಷನ್ ಇಲ್ಲ.

"ಆ 100 ಎಂಬಿ ಡಿಲೀಟ್ ಮಾಡೋಕೆ ನೋಡಿದ್ದೆ ಸರ್, ಆಯ್ಕೆನೇ ಬರಲಿಲ್ಲ. ಚಿಕ್ಕದು ತಾನೆ ಅಂತ ಬಿಟ್ಟೆ" ಎಂದ ಹುಡುಗ. ಡಿಸ್ಕ್ ಮ್ಯಾನೇಜ್‌ಮೆಂಟ್ ಇಎಫ್‌ಐ ಪಾರ್ಟಿಷನ್ನನ್ನು ಅಳಿಸಲು ಬಿಡುವುದಿಲ್ಲ. ಬಿಟ್ಟಿದ್ದರೆ ಈ ಕಥೆ ತಿಂಗಳುಗಳ ಹಿಂದೆಯೇ ಶುರುವಾಗುತ್ತಿತ್ತು.

ಹೀಗೇಕಾಯಿತು

ಯುಇಎಫ್‌ಐ (ಹಳೆಯ ಬಯಾಸ್‌ನ ಜಾಗಕ್ಕೆ ಬಂದ ತಂತ್ರಾಂಶ) ಇರುವ ಯಂತ್ರ ಆನ್ ಆದಾಗ ನೇರವಾಗಿ ವಿಂಡೋಸ್ ಫೋಲ್ಡರಿಗೆ ಹೋಗುವುದಿಲ್ಲ. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಚಿಕ್ಕದೊಂದು ಇಎಫ್‌ಐ ಪಾರ್ಟಿಷನ್ನಿಗೆ ಹೋಗಿ, ಅಲ್ಲಿರುವ ಬೂಟ್ ಮ್ಯಾನೇಜರನ್ನು ಓಡಿಸುತ್ತದೆ. ಬೂಟ್ ಮ್ಯಾನೇಜರ್ ತನ್ನ ಜೊತೆಗಿರುವ ಬಿಸಿಡಿ ಎಂಬ ಕಡತ ನೋಡಿ, ವಿಂಡೋಸ್ ಯಾವ ಡಿಸ್ಕಿನ ಯಾವ ಪಾರ್ಟಿಷನ್ನಿನಲ್ಲಿದೆ ಎಂದು ತಿಳಿದುಕೊಂಡು ಅಲ್ಲಿಗೆ ಕೈದಾಟಿಸುತ್ತದೆ. ಈ ಎರಡು ಹಂತಗಳು ಒಂದೇ ಡಿಸ್ಕಿನಲ್ಲಿರಬೇಕೆಂಬ ನಿಯಮ ಎಲ್ಲೂ ಇಲ್ಲ.

ಹುಡುಗ ವಿಂಡೋಸ್ ಹಾಕುವಾಗ ಎರಡೂ ಡಿಸ್ಕ್‌ಗಳು ಜೋಡಣೆಯಲ್ಲಿದ್ದವು. ಇನ್‌ಸ್ಟಾಲರ್‌ಗೆ ಡಿಸ್ಕ್ 0ರಲ್ಲಿ, ಹಳೆಯ ವಿಂಡೋಸ್ ಬಿಟ್ಟುಹೋದ ಇಎಫ್‌ಐ ಪಾರ್ಟಿಷನ್ ಸಿಕ್ಕಿತು. ಇರುವುದನ್ನೇ ಬಳಸಿಕೊಂಡು, ಬೂಟ್ ಫೈಲ್‌ಗಳನ್ನು ಅಲ್ಲೇ ಬರೆದು, ವಿಂಡೋಸನ್ನು ಮಾತ್ರ ಎಸ್‌ಎಸ್‌ಡಿಗೆ ಹಾಕಿತು. ಪರದೆಯ ಮೇಲೆ ಇದರ ಬಗ್ಗೆ ಒಂದು ಮಾತೂ ಬರುವುದಿಲ್ಲ. ಬಳಸುವವರಿಗೆ ಗೊತ್ತಾಗುವುದು ಹಳೆಯ ಡಿಸ್ಕ್ ಕಿತ್ತ ದಿನವೇ. ಮನೆಗಳಲ್ಲಿ ಎಸ್‌ಎಸ್‌ಡಿ ಹಾಕಿಕೊಂಡ ಮೇಲೆ ಎದುರಾಗುವ ತೊಂದರೆಗಳಲ್ಲಿ ಇದಕ್ಕಿಂತ ಮೋಸದ್ದು ನನಗೆ ಗೊತ್ತಿಲ್ಲ. ತಡೆಯುವುದೋ ಬಲು ಸುಲಭ: ವಿಂಡೋಸ್ ಹಾಕುವ ಹೊತ್ತಿನಲ್ಲಿ ಹಳೆಯ ಡಿಸ್ಕಿನ ಕೇಬಲ್ ಕಿತ್ತಿಟ್ಟರೆ ಸಾಕು, ಇನ್‌ಸ್ಟಾಲರ್‌ಗೆ ಬೇರೆ ದಾರಿಯೇ ಇರುವುದಿಲ್ಲ.

ಮಧ್ಯೆ ಮಧ್ಯೆ ಸ್ತಬ್ಧವಾಗುತ್ತಿದ್ದುದಕ್ಕೂ ಕಾರಣ ಸಿಕ್ಕಿತು. ಎಸ್‌ಎಸ್‌ಡಿ ಸವೆಯದಿರಲಿ ಎಂದು ಹುಡುಗ ಪೇಜ್ ಫೈಲನ್ನು (ಮೆಮೊರಿ ಸಾಲದಾದಾಗ ವಿಂಡೋಸ್ ಬಳಸುವ ಕಡತವನ್ನು) ಡಿ ಡ್ರೈವ್‌ಗೆ ಸಾಗಿಸಿದ್ದ. 8 ಜಿಬಿ ರ್‍ಯಾಮ್ ತುಂಬಿದಾಗೆಲ್ಲ ವಿಂಡೋಸ್ ಆ ಕಾಯಿಲೆ ಡಿಸ್ಕಿನ ಬಾಗಿಲು ತಟ್ಟಬೇಕು; ಅಲ್ಲಿ ಒಂದು ಸೆಕ್ಟರ್ (ಡಿಸ್ಕಿನ ಚಿಕ್ಕ ತುಂಡು) ಓದಲು ತಡವಾದರೆ ಇಡೀ ಯಂತ್ರ ಕಾಯಬೇಕು. ಎಸ್‌ಎಸ್‌ಡಿಗಳು ಮನೆಗೆ ಬರತೊಡಗಿದ ಹೊಸದರಲ್ಲಿ ಈ ಸಲಹೆ ಎಲ್ಲರ ಬಾಯಲ್ಲಿತ್ತು. ಈಗ ಲೆಕ್ಕ ಹಾಕಿ ನೋಡಿ. ಸ್ಯಾಮ್‌ಸಂಗ್ 870 ಇವೊದ 500 ಜಿಬಿ ಮಾದರಿಗೆ ತಯಾರಕರು ಕೊಡುವ ವಾರಂಟಿ 5 ವರ್ಷ ಅಥವಾ 300 ಟಿಬಿ ಬರಹ. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟಿಬಿ, ಆ ಮಿತಿ ಮುಟ್ಟಲು 40 ವರ್ಷ ದಾಟುತ್ತದೆ. ಲೆಕ್ಕಪತ್ರದ ಕೆಲಸ ದಿನಕ್ಕೆ 20 ಜಿಬಿ ಬರೆಯುವುದೂ ಇಲ್ಲ. ವೇಗಕ್ಕೆಂದು ಎಸ್‌ಎಸ್‌ಡಿ ಕೊಂಡು, ವೇಗ ಬೇಕಾದ ಕಡತವನ್ನೇ ಹಾರ್ಡ್ ಡಿಸ್ಕಿಗೆ ಅಟ್ಟುವುದರಲ್ಲಿ ಅರ್ಥವಿಲ್ಲ.

ಹಾರ್ಡ್ ಡಿಸ್ಕಿನ ಸ್ಥಿತಿ

ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶದಲ್ಲಿ ಎಸ್‌ಎಸ್‌ಡಿ ಚೆನ್ನಾಗಿದೆ ಎಂದು ಬಂತು. ಹಾರ್ಡ್ ಡಿಸ್ಕಿಗೆ ಹಳದಿ ಎಚ್ಚರಿಕೆ. ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿಯಲ್ಲಿ ನಾನು ಮೊದಲು ನೋಡುವುದು 5, 197, 198 ಮತ್ತು 199ನೇ ಸಾಲುಗಳನ್ನು. 5 ಎಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು, 197 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವು, 198 ಎಂದರೆ ಸರಿಪಡಿಸಲಾಗದವು. 199 ಬೇರೆ ಜಾತಿ: ಕೇಬಲ್ ಸಡಿಲವಿದ್ದರೆ, ಕೆಟ್ಟಿದ್ದರೆ ಏರುವ ಸಂಖ್ಯೆ. ಇಲ್ಲಿ 199 ಸೊನ್ನೆ, 5 ಮತ್ತು 197 ಸೊನ್ನೆಯಲ್ಲ. ಮತ್ತೊಮ್ಮೆ ನೋಡಿದಾಗ 197 ಇನ್ನಷ್ಟು ಏರಿತ್ತು. ಕೇಬಲ್ ಬದಲಿಸಿ ಗೆಲ್ಲುವ ಪ್ರಕರಣ ಇದಲ್ಲ, ಡಿಸ್ಕಿನ ಆಯಸ್ಸು ಮುಗಿಯುತ್ತಿದೆ.

ಹಾಗಾಗಿ ಕೆಲಸದ ಕ್ರಮ ಬದಲಾಯಿತು. ಮನೆಯವರಿಗೆ ಬೇಕಿದ್ದದ್ದು ಯಂತ್ರ ಬೇಗ ಏಳುವುದು. ನನಗೆ ಬೇಕಿದ್ದದ್ದು ಆ ಡಿಸ್ಕ್ ಇನ್ನೂ ತಿರುಗುತ್ತಿರುವಾಗಲೇ ಒಳಗಿರುವುದನ್ನು ಹೊರತೆಗೆಯುವುದು. ಬೂಟ್ ಫೈಲ್‌ಗಳನ್ನು ಎಷ್ಟು ಸಲ ಬೇಕಾದರೂ ಹೊಸದಾಗಿ ಬರೆಯಬಹುದು. ಫೋಟೊಗಳ ಬೇರೆ ಪ್ರತಿ ಎಲ್ಲೂ ಇರಲಿಲ್ಲ.

ಇಂಥ ಡಿಸ್ಕಿನ ಮೇಲೆ ವಿಂಡೋಸ್‌ನ ತಪಾಸಣೆ ಸಲಕರಣೆ ಚೆಕ್‌ಡಿಸ್ಕ್ ಓಡಿಸುವುದು ಬೇಡ. ಅದು ಕೆಟ್ಟ ಜಾಗಗಳನ್ನೇ ಮತ್ತೆ ಮತ್ತೆ ಕೆದಕುತ್ತದೆ, ಫೈಲ್ ಪಟ್ಟಿಯನ್ನೂ ತಿದ್ದುತ್ತದೆ. ಆ ಎರಡೂ, ಡೇಟಾ ಈಚೆ ಬಂದ ಮೇಲೆ ಮಾಡುವ ಕೆಲಸಗಳು. ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ನಕಲು ಮಾಡಿದರೆ ಒಂದು ಕೆಟ್ಟ ಫೋಟೊ ಬಳಿ ನಿಂತುಬಿಡುತ್ತದೆ. ವಿಂಡೋಸ್‌ನಲ್ಲೇ ಇರುವ ರೋಬೊಕಾಪಿ ಒಳ್ಳೆಯದು, ಆದರೆ ಅದರಲ್ಲೂ ಒಂದು ವಿಚಿತ್ರವಿದೆ: ಏನೂ ಹೇಳದೆ ಬಿಟ್ಟರೆ ಓದಲಾಗದ ಫೈಲನ್ನು 30 ಸೆಕೆಂಡಿಗೊಮ್ಮೆ, 10 ಲಕ್ಷ ಸಲ ಮತ್ತೆ ಪ್ರಯತ್ನಿಸುವಂತೆ ಅದನ್ನು ರೂಪಿಸಿದ್ದಾರೆ. ಮರುಪ್ರಯತ್ನವನ್ನು ಒಂದಕ್ಕೆ, ಕಾಯುವುದನ್ನು ಒಂದು ಸೆಕೆಂಡಿಗೆ ಇಳಿಸಿ, ಲಾಗ್ ಕಡತ ಬರೆಯಲು ಹೇಳಿ, ಮೊದಲು ಲೆಕ್ಕದ ಫೋಲ್ಡರ್, ಆಮೇಲೆ ಫೋಟೊಗಳನ್ನು ಹೊರಗಿನ ಯುಎಸ್‌ಬಿ ಡಿಸ್ಕಿಗೆ ಸಾಗಿಸಿದೆ. ಲೆಕ್ಕ ಪೂರ್ತಿ ಬಂತು. ಫೋಟೊಗಳಲ್ಲಿ ಬೆರಳೆಣಿಕೆಯಷ್ಟು ಬರಲಿಲ್ಲ. ಯಾವುವೆಂದು ಲಾಗ್‌ನಲ್ಲಿತ್ತು, ಪಟ್ಟಿಯನ್ನು ಅವರಿಗೆ ಕೊಟ್ಟೆ. ಡಿಸ್ಕ್ ಇನ್ನೂ ಹದಗೆಟ್ಟಿದ್ದರೆ ವಿಂಡೋಸ್ ಬಿಟ್ಟು ಲಿನಕ್ಸ್‌ನ ಡಿಡಿರೆಸ್ಕ್ಯೂ ಹಿಡಿಯುತ್ತಿದ್ದೆ. ಅದು ಸುಲಭವಾಗಿ ಓದುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ.

ಪಾರ್ಟಿಷನ್‌ಗೆ ಕೈಹಾಕುವ ಮುನ್ನ ಎಸ್‌ಎಸ್‌ಡಿಯ ಪೂರ್ತಿ ಇಮೇಜನ್ನೂ (ಇದ್ದಂತೆಯೇ ಇಡೀ ಡ್ರೈವ್‌ನ ನಕಲನ್ನೂ) ಅದೇ ಹೊರಗಿನ ಡಿಸ್ಕಿಗೆ ತೆಗೆದಿಟ್ಟೆ.

ದಾರಿಯ ಆಯ್ಕೆ

ಹಾರ್ಡ್ ಡಿಸ್ಕ್ ಕಿತ್ತಿಟ್ಟು ವಿಂಡೋಸನ್ನು ಹೊಸದಾಗಿ ಹಾಕುವುದು ಒಂದು ದಾರಿ. ಯಂತ್ರ ಗೊಂದಲಮಯವಾಗಿದ್ದರೆ ನಾನು ಅದನ್ನೇ ಹೇಳುತ್ತೇನೆ. ಇಲ್ಲಿ ವಿಂಡೋಸ್ ತಿಂಗಳುಗಳಷ್ಟೇ ಹಳೆಯದು, ಸ್ವಚ್ಛವಾಗಿತ್ತು. ಲೆಕ್ಕದ ತಂತ್ರಾಂಶದ ಲೈಸೆನ್ಸ್, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ಎಲ್ಲ ಹೊಂದಿಕೊಂಡು ಕೆಲಸ ನಡೆಯುತ್ತಿತ್ತು. ಕಾಣೆಯಾಗಿದ್ದದ್ದು 100 ಎಂಬಿಯ ಒಂದು ತುಂಡು. ಅದಕ್ಕಾಗಿ ಮನೆಯನ್ನೇ ಕೆಡವುವ ಅಗತ್ಯ ಕಾಣಲಿಲ್ಲ. ಎಸ್‌ಎಸ್‌ಡಿಯಲ್ಲೇ ಇಎಫ್‌ಐ ಪಾರ್ಟಿಷನ್ ಕಟ್ಟಿ ಬೂಟ್ ಫೈಲ್ ಬರೆಯುವುದೆಂದು ನಿರ್ಧಾರವಾಯಿತು.

ಈ ದಾರಿಗೆ ಡ್ರೈವ್‌ನ ಪಾರ್ಟಿಷನ್ ಪಟ್ಟಿ ಜಿಪಿಟಿ ಎಂಬ ಹೊಸ ಮಾದರಿಯಲ್ಲಿರಬೇಕು, ಇತ್ತು. ಹಳೆಯ ಎಂಬಿಆರ್ ಮಾದರಿಯಲ್ಲಿದ್ದಿದ್ದರೆ, 2017ರ ವಿಂಡೋಸ್ 10ರ 1703 ಆವೃತ್ತಿಯಿಂದ ಜೊತೆಗೇ ಬರುತ್ತಿರುವ ಎಂಬಿಆರ್2ಜಿಪಿಟಿ ಸಲಕರಣೆ ಬಳಸಿ ಡೇಟಾ ಉಳಿಸಿಕೊಂಡೇ ಬದಲಿಸಬಹುದಿತ್ತು.

ಮಧ್ಯದಲ್ಲಿ ಸಿಕ್ಕ ಬೀಗ

ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ಡಿವೈಸ್ ಎನ್‌ಕ್ರಿಪ್ಷನ್ (ಡ್ರೈವ್‌ನಲ್ಲಿರುವುದನ್ನೆಲ್ಲ ಗೂಢಲಿಪಿಯಾಗಿಸಿ ಬೀಗ ಹಾಕುವ ವ್ಯವಸ್ಥೆ) ಆನ್ ಆಗಿತ್ತು. ಯಾರೂ ಆನ್ ಮಾಡಿರಲಿಲ್ಲ. 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ, ಮೈಕ್ರೋಸಾಫ್ಟ್ ಖಾತೆಯ ಮೂಲಕ ಹೊಸದಾಗಿ ವಿಂಡೋಸ್ 11 ಹಾಕಿಕೊಂಡರೆ ಇದು ತಾನಾಗಿ ಆನ್ ಆಗುವ ಯಂತ್ರಗಳು ಬಹಳ ಹೆಚ್ಚಾಗಿವೆ, ಹೋಮ್ ಆವೃತ್ತಿಯೂ ಸೇರಿ. ಕಳ್ಳತನದ ವಿರುದ್ಧ ಒಳ್ಳೆಯ ರಕ್ಷಣೆ. ಆದರೆ ಬೂಟ್ ವ್ಯವಸ್ಥೆ ಮುಟ್ಟಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಪೆನ್‌ಡ್ರೈವ್‌ನಿಂದ ಎದ್ದರೆ ಸಿ ಡ್ರೈವ್ ಬೀಗ ಹಾಕಿಕೊಂಡಿರುತ್ತದೆ.

ಕೀ ಎಲ್ಲಿದೆ ಎಂದು ಕೇಳಿದೆ. ಅಂಥದ್ದೊಂದು ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಅವರ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ನೋಡಿದಾಗ ಸಿಕ್ಕಿತು. ಕಾಗದದ ಮೇಲೆ ಬರೆಸಿದೆ. ನಂತರ, ವಿಂಡೋಸ್ ಇನ್ನೂ ಸರಾಗವಾಗಿ ಏಳುತ್ತಿರುವಾಗಲೇ, ಎನ್‌ಕ್ರಿಪ್ಷನ್ ಆಫ್ ಮಾಡಿ ಬಿಚ್ಚುವಿಕೆ ಪೂರ್ತಿ ಮುಗಿಯುವವರೆಗೆ ಕಾದೆವು. ಹಾರ್ಡ್ ಡಿಸ್ಕ್ ಮೊದಲೇ ಪೂರ್ತಿ ಸತ್ತುಹೋಗಿದ್ದು, ಖಾತೆಯ ಪಾಸ್‌ವರ್ಡ್ ಕೂಡ ಮರೆತಿದ್ದರೆ, ಸಿ ಡ್ರೈವ್‌ನ ಫೈಲ್‌ಗಳೆಲ್ಲ ಕಣ್ಣೆದುರಿದ್ದೂ ಕೈಗೆ ಸಿಗುತ್ತಿರಲಿಲ್ಲ.

ರಿಪೇರಿ

ಕೆಲಸವೇ ನಿಜಕ್ಕೂ ಚಿಕ್ಕದು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನು 300 ಎಂಬಿಯಷ್ಟು ಕುಗ್ಗಿಸಿದೆ. ಪೇಜ್ ಫೈಲನ್ನು ಸಿ ಡ್ರೈವ್‌ಗೆ ವಾಪಸ್ ತಂದು, ಗಾತ್ರವನ್ನು ವಿಂಡೋಸ್‌ಗೇ ಬಿಟ್ಟೆ. ಯಂತ್ರ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ ಹರಿಯಗೊಟ್ಟು, ಹಾರ್ಡ್ ಡಿಸ್ಕಿನ ಎರಡೂ ಕೇಬಲ್ ತೆಗೆದೆ. ಮುಂದೆ ಬರೆಯುವುದೆಲ್ಲ ಡಿಸ್ಕಿನ ಮೂಲಕ್ಕೇ ಬರೆಯುವ ಆದೇಶಗಳು. ತಪ್ಪು ಡಿಸ್ಕ್ ಆರಿಸುವ ಸಾಧ್ಯತೆಯೇ ಇಲ್ಲದಂತೆ ಮಾಡುವುದು ಮೇಲು.

ವಿಂಡೋಸ್ ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಮೊದಲ ಪರದೆಯಲ್ಲೇ ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಇಎಫ್‌ಐ ಪಾರ್ಟಿಷನ್ ಸೃಷ್ಟಿಸಲು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆಯ್ಕೆಯಿಲ್ಲ, ಡಿಸ್ಕ್‌ಪಾರ್ಟ್ ಎಂಬ ಆದೇಶ ಬೇಕು. ಗಾತ್ರ ನೋಡಿ ಎಸ್‌ಎಸ್‌ಡಿಯನ್ನು ಆರಿಸಿ, 260 ಎಂಬಿಯ ಇಎಫ್‌ಐ ಪಾರ್ಟಿಷನ್ ಮಾಡಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಎಸ್ ಎಂಬ ಅಕ್ಷರ ಕೊಟ್ಟೆ. ಈ ಪಾರ್ಟಿಷನ್ ಡ್ರೈವ್‌ನ ಆರಂಭದಲ್ಲೇ ಇರಬೇಕೆಂದು ಹಲವರು ತಿಳಿದಿದ್ದಾರೆ. ಕೊನೆಯಲ್ಲಿದ್ದರೂ ನಡೆಯುತ್ತದೆ.

ನಂತರ ಬಿಸಿಡಿಬೂಟ್. ಅದಕ್ಕೆ ವಿಂಡೋಸ್ ಫೋಲ್ಡರ್ ಎಲ್ಲಿದೆ, ಬೂಟ್ ಫೈಲ್‌ಗಳನ್ನು ಎಲ್ಲಿ ಬರೆಯಬೇಕು, ಯಾವ ಮಾದರಿಯ ಫರ್ಮ್‌ವೇರ್‌ಗೆ (ಇಲ್ಲಿ ಯುಇಎಫ್‌ಐ) ಎಂಬುದನ್ನು ಹೇಳಬೇಕು. ಇಲ್ಲೊಂದು ಗುಂಡಿ ಇದೆ: ಪೆನ್‌ಡ್ರೈವ್‌ನಿಂದ ಎದ್ದಾಗ ಡ್ರೈವ್‌ಗಳ ಅಕ್ಷರ ಬದಲಾಗಬಹುದು, ನಿತ್ಯದ ಸಿ ಇಲ್ಲಿ ಡಿ ಆಗಿರಬಹುದು. ಫೋಲ್ಡರ್ ಪಟ್ಟಿ ತೆರೆದು ವಿಂಡೋಸ್ ಅಲ್ಲೇ ಇದೆಯೆಂದು ಕಣ್ಣಾರೆ ನೋಡಿಯೇ ಆದೇಶ ಕೊಟ್ಟೆ. ಬೂಟ್ ಫೈಲ್‌ಗಳು ಸಿದ್ಧವಾದವು ಎಂಬ ಅರ್ಥದ ಒಂದೇ ಸಾಲು ಬಂತು. ಪೆನ್‌ಡ್ರೈವ್ ಕಿತ್ತು ಮರುಚಾಲನೆ ಮಾಡಿದೆ. ಬಯಾಸ್‌ನ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್, ಅದರ ಪಕ್ಕದಲ್ಲೇ ಎಸ್‌ಎಸ್‌ಡಿಯ ಹೆಸರು. ಹಾರ್ಡ್ ಡಿಸ್ಕ್ ಇಲ್ಲದೆ ಯಂತ್ರ ಅರ್ಧ ನಿಮಿಷದೊಳಗೆ ಲಾಗಿನ್ ಪರದೆಗೆ ಬಂತು.

ಡಿವಿಡಿ ಡ್ರೈವ್ ಎಲ್ಲಿ ಹೋಗಿತ್ತು

ಹುಡುಗ ತಂದಿದ್ದದ್ದು ಎಂ.2 ಆಕಾರದ ಸಾಟಾ ಎಸ್‌ಎಸ್‌ಡಿ. ಎಂ.2 ಎಂಬುದು ಆಕಾರ ಮಾತ್ರ. 22 ಮಿಮೀ ಅಗಲ, 80 ಮಿಮೀ ಉದ್ದದ ಅದೇ ಪಟ್ಟಿಯೊಳಗೆ ಸಾಟಾ (ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್ ಬಳಸುವ ಹಳೆಯ ಸಂಪರ್ಕ) ಇರಬಹುದು, ಅದಕ್ಕಿಂತ ವೇಗದ ಎನ್‌ವಿಎಂಇಯೂ ಇರಬಹುದು. ಅಂಚಿನಲ್ಲಿ ಎರಡು ಕಚ್ಚುಗಳಿದ್ದರೆ ಹೆಚ್ಚಾಗಿ ಸಾಟಾ. ಈ ಮದರ್‌ಬೋರ್ಡಿನ ಎಂ.2 ಸ್ಲಾಟ್ ಎರಡನ್ನೂ ಒಪ್ಪುತ್ತದೆ, ಆದರೆ ಸಾಟಾ ಮಾದರಿ ಹಾಕಿದರೆ ಒಂದು ಸಾಟಾ ಪೋರ್ಟ್ ನಿಷ್ಕ್ರಿಯವಾಗುತ್ತದೆ, ಏಕೆಂದರೆ ಎರಡಕ್ಕೂ ಇರುವುದು ಒಂದೇ ದಾರಿ. ಡಿವಿಡಿ ಡ್ರೈವ್ ಇದ್ದದ್ದು ಅದೇ ಪೋರ್ಟಿನಲ್ಲಿ. ಕೇಬಲನ್ನು, ಈಗ ಖಾಲಿಯಾದ ಹಾರ್ಡ್ ಡಿಸ್ಕಿನ ಪೋರ್ಟಿಗೆ ಬದಲಿಸಿದರೆ ಮುಗಿಯಿತು. ಮದರ್‌ಬೋರ್ಡ್ ಕೈಪಿಡಿಯಲ್ಲಿ ಇದು ಚಿಕ್ಕ ಅಕ್ಷರದ ಕೋಷ್ಟಕವೊಂದರ ಅಡಿಯಲ್ಲಿ ಇರುತ್ತದೆ. ಡ್ರೈವ್ ಕೊಳ್ಳುವ ಮೊದಲು ಓದಬೇಕಾದ ಪುಟವಿದ್ದರೆ ಅದೊಂದೇ.

"ಹಾಗಾದರೆ ಎನ್‌ವಿಎಂಇ ತರಬೇಕಿತ್ತಾ ಸರ್?" ಎಂದು ಹುಡುಗನಿಗೆ ಬೇಸರ. ಸಾಟಾದ ಮಿತಿ ಸೆಕೆಂಡಿಗೆ 550 ಎಂಬಿಯ ಆಸುಪಾಸು, ಒಳ್ಳೆಯ ಎನ್‌ವಿಎಂಇ ಹಳೆಯ ಪಿಸಿಐಇ 3.0 ಸಂಪರ್ಕದಲ್ಲೇ 3500 ಎಂಬಿ ಮುಟ್ಟುತ್ತದೆ. ಕಾಗದದ ಮೇಲೆ ಆರು ಪಟ್ಟು. ಆದರೆ ವಿಂಡೋಸ್ ಏಳುವುದು, ಲೆಕ್ಕದ ಕಡತ ತೆರೆಯುವುದು, ಬ್ರೌಸರ್ ಬರುವುದು ಎಲ್ಲವೂ ಅಲ್ಲೊಂದು ಇಲ್ಲೊಂದು ಚದುರಿದ ಚಿಕ್ಕ ಓದುಗಳು. ಅಲ್ಲಿ ಹಾರ್ಡ್ ಡಿಸ್ಕಿನ ಸೂಜಿ ಪ್ರತಿ ಸಲ ಸರಿದು ನಿಲ್ಲಲು ಹತ್ತು ಮಿಲಿಸೆಕೆಂಡಿನ ಆಸುಪಾಸು ತೆಗೆದುಕೊಂಡರೆ, ಯಾವುದೇ ಎಸ್‌ಎಸ್‌ಡಿಗೆ ಮಿಲಿಸೆಕೆಂಡಿನ ಒಂದು ಪಾಲು ಸಾಕು. ಆ ಹಾರಿಕೆ ಈ ಮನೆಯಲ್ಲಿ ಆಗಿಹೋಗಿದೆ. ದೊಡ್ಡ ವಿಡಿಯೊ ಕಡತಗಳನ್ನು ದಿನವಿಡೀ ಎಳೆದಾಡುವವರಿಗೆ ಎನ್‌ವಿಎಂಇ ಬೇಕು. ಇವರಿಗೆ ರ್‍ಯಾಮ್ 16 ಜಿಬಿಗೆ ಏರಿಸುವುದು ಹೆಚ್ಚು ಉಪಯೋಗ.

ಅವರದೊಂದು ಪ್ರಶ್ನೆ ಬಾಕಿ ಇತ್ತು. "500 ಅಂತ ಕೊಟ್ಟಿದ್ದಾರೆ, ಇಲ್ಲಿ 465 ತೋರಿಸುತ್ತಲ್ಲ, ಉಳಿದದ್ದು ಎಲ್ಲಿ?" ಲೆಕ್ಕದವರು, ಸುಮ್ಮನೆ ಬಿಡುವುದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. 500 ಶತಕೋಟಿಯನ್ನು 1024ರಿಂದ ಮೂರು ಸಲ ಭಾಗಿಸಿದರೆ 465 ಚಿಲ್ಲರೆ. ಕ್ಯಾಲ್ಕ್ಯುಲೇಟರ್ ತೆಗೆದು ಭಾಗಿಸಿ ನೋಡಿಯೇ ಒಪ್ಪಿದರು.

ಕೊನೆಯ ಹೊಂದಾಣಿಕೆಗಳು

ಬಯಾಸ್‌ನಲ್ಲಿ ಸಾಟಾ, ಎಸ್‌ಎಸ್‌ಡಿಗೆ ತಕ್ಕ ಎಎಚ್‌ಸಿಐ ಸ್ಥಿತಿಯಲ್ಲೇ ಇತ್ತು. ಅಳಿಸಿದ ಜಾಗ ಯಾವುದೆಂದು ಡ್ರೈವ್‌ಗೆ ತಿಳಿಸುವ ಟ್ರಿಮ್ ಆನ್ ಇತ್ತು. ಡಿಫ್ರಾಗ್‌ಮೆಂಟ್ ಪುಟ ಈ ಡ್ರೈವನ್ನು ಎಸ್‌ಎಸ್‌ಡಿ ಎಂದೇ ಗುರುತಿಸಿತ್ತು, ಹಾಗಾಗಿ ವಾರದ ನಿಗದಿಯನ್ನು ಹಾಗೇ ಬಿಟ್ಟೆ. ಎಸ್‌ಎಸ್‌ಡಿಯಾದರೆ ಅಲ್ಲಿ ನಡೆಯುವ ಮುಖ್ಯ ಕೆಲಸ ಟ್ರಿಮ್. ಎನ್‌ಕ್ರಿಪ್ಷನ್ ಮತ್ತೆ ಆನ್ ಮಾಡಿ, ಹೊಸ ರಿಕವರಿ ಕೀಯನ್ನು ಬರೆಸಿ, ಹಳೆಯ ಚೀಟಿ ಹರಿದೆವು.

ಟ್ರಿಮ್‌ನ ಇನ್ನೊಂದು ಮುಖವನ್ನು ಮಾತ್ರ ಬಿಡಿಸಿ ಹೇಳಿದೆ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲ್ ಬಹುಪಾಲು ಮರಳಿ ಸಿಗುತ್ತಿತ್ತು, ಏಕೆಂದರೆ ಮೇಲೆ ಬೇರೆಯದು ಬರೆಯುವವರೆಗೆ ಅದು ಅಲ್ಲೇ ಇರುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಟ್ರಿಮ್ ಸ್ವಲ್ಪ ಹೊತ್ತಿನಲ್ಲೇ ಡ್ರೈವ್‌ಗೆ ಒಪ್ಪಿಸುತ್ತದೆ, ಆಮೇಲೆ ರಿಕವರಿ ತಂತ್ರಾಂಶಕ್ಕೆ ಸಿಗುವುದು ಸೊನ್ನೆಗಳು. ಜೊತೆಗೆ ಹಾರ್ಡ್ ಡಿಸ್ಕ್ ಈ ಸಲ ಕಟಕಟ ಎಂದು ಎಚ್ಚರಿಸಿತು. ಎಸ್‌ಎಸ್‌ಡಿ ಅನೇಕ ಸಲ ಸದ್ದಿಲ್ಲದೆ ಹೋಗುತ್ತದೆ. ಹೊರಗಿನ ಯುಎಸ್‌ಬಿ ಡಿಸ್ಕನ್ನು ವಾರಕ್ಕೊಮ್ಮೆ ಜೋಡಿಸಿ ಫೈಲ್ ಹಿಸ್ಟರಿ ಓಡಿಸುವುದು, ಮುಗಿದ ಮೇಲೆ ಕಿತ್ತಿಡುವುದು ಎಂದು ಒಪ್ಪಂದವಾಯಿತು. ಫೋಟೊಗಳ ಇನ್ನೊಂದು ಪ್ರತಿಯನ್ನು ಹುಡುಗ ತನ್ನ ಲ್ಯಾಪ್‌ಟಾಪ್‌ಗೂ ಹಾಕಿಕೊಂಡ.

ವಿಂಡೋಸ್ ಏಳದಿದ್ದಾಗ ರಿಪೇರಿಗೆ ಬಳಸುವ ಅದರದೇ ರಿಕವರಿ ಪರಿಸರ ಈ ಯಂತ್ರದಲ್ಲಿ ನಿಷ್ಕ್ರಿಯವಾಗಿದೆ ಎಂದು ತೋರಿಸುತ್ತಿತ್ತು. ಸರಿಪಡಿಸಬಹುದು, ಆದರೆ ಅದೇ ಕೆಲಸವನ್ನು ಇನ್‌ಸ್ಟಾಲರ್ ಪೆನ್‌ಡ್ರೈವ್ ಮಾಡುತ್ತದೆ, ಅದನ್ನು ಅವರಿಗೇ ಕೊಟ್ಟಿದ್ದೇನೆ. ಹುಡುಗನಿಗೆ ಎನ್‌ವಿಎಂಇ ಆಸೆ ಇನ್ನೂ ಹೋದಂತಿಲ್ಲ. ತಂದರೆ ಇರುವ ಒಂದೇ ಸ್ಲಾಟ್‌ನಿಂದ ಈಗಿನ ಡ್ರೈವ್ ಇಳಿಯಬೇಕಾಗುತ್ತದೆ. ಅದನ್ನು ಯುಎಸ್‌ಬಿ ಡಬ್ಬಿಗೆ ಹಾಕಿ ಬಳಸುವುದಾದರೆ ಎಂ.2 ಸಾಟಾ ಓದುವ ಡಬ್ಬಿಯನ್ನೇ ನೋಡಿ ಕೊಳ್ಳು, ಎನ್‌ವಿಎಂಇ ಮಾತ್ರ ಓದುವವೂ ಇವೆ ಎಂದು ಹೇಳಿ ಕಳಿಸಿದೆ.